ತೆಂಗಿನ ಬುಡದ ನೀರಿಗೂ ಲೆಕ್ಕವಿದೆ

2025ರಲ್ಲಿ ತೆಂಗಿನಕಾಯಿ ದರ ಏರಿದಾಗ ನಮ್ಮ ಮನೆಗಳಲ್ಲಿ ಮೀನು ಸಾರಿಗೆ ಅರೆಯುವ ಕಾಯಿ ಅರ್ಧಕ್ಕಿಳಿಯಿತು. ತೆಂಗಿನೆಣ್ಣೆಯ ಬಾಟಲಿ ಕೈಗೆತ್ತಿಕೊಂಡು, ದರ ನೋಡಿ, ಮತ್ತೆ ಅಲ್ಲೇ ಇಟ್ಟು ಬಂದವರು ಎಷ್ಟೋ ಮಂದಿ. ಹೀಗಾದಾಗಲೆಲ್ಲ ನಾವು ವ್ಯಾಪಾರಿಯನ್ನೋ ದಲ್ಲಾಳಿಯನ್ನೋ ಬೈದು ಸುಮ್ಮನಾಗುತ್ತೇವೆ. ಆದರೆ ಕಾರಣದ ದೊಡ್ಡ ಪಾಲು ಘಟ್ಟದ ಮೇಲಿನ ತೋಟಗಳಲ್ಲಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಬುಡದಲ್ಲಿ ನೀರಿಲ್ಲದಿದ್ದರೆ ಅದರ ಬಿಸಿ ಮಂಗಳೂರಿನ ಅಡುಗೆಮನೆಗೂ ತಟ್ಟುತ್ತದೆ.

ತೆಂಗು ಬರವನ್ನು ಬೇಗ ಮರೆಯುವ ಮರವಲ್ಲ. ಹೊಂಬಾಳೆ ಬಿಚ್ಚಿದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಆ ಹೊಂಬಾಳೆ ಮರದೊಳಗೆ ಮೊಳೆಯುವುದು ಅದಕ್ಕೂ ಎರಡು-ಮೂರು ವರ್ಷ ಮೊದಲು. ಹಾಗಾಗಿ ಒಂದು ಬೇಸಿಗೆ ನೀರು ತಪ್ಪಿದರೆ ಪೆಟ್ಟು ಆ ವರ್ಷಕ್ಕೇ ಮುಗಿಯುವುದಿಲ್ಲ. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲೂಕುಗಳನ್ನು ಬರಪೀಡಿತ ಎಂದು ಸರಕಾರ ಸಾರಿತು. ಅದರ ಬೆಲೆಯನ್ನು ನಾವು ಆಮೇಲೆ ಅಂಗಡಿಯಲ್ಲಿ ಕೊಟ್ಟೆವು. ಅದಕ್ಕೂ ಮೊದಲು, 2016-17ರ ಬರದಲ್ಲಿ, ಆ ಸೀಮೆಯ ರೈತರು ಫಸಲು ಕೊಡುತ್ತಿದ್ದ ಮರಗಳು ಸುಳಿ ಒಣಗಿ ನಿಂತದ್ದನ್ನು ಕಂಡಿದ್ದಾರೆ.

ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಹತ್ತಿರ ಮಳೆ ಸುರಿಯುತ್ತದೆ. ಅಲ್ಲಿ ಆರೇಳು ನೂರು ಮಿ.ಮೀ. ಬಿದ್ದರೆ ಒಳ್ಳೆಯ ವರ್ಷ. ಹೇಮಾವತಿ ನಾಲೆಯ ನೀರು ಎಲ್ಲ ಹಳ್ಳಿಗೂ ಮುಟ್ಟುವುದಿಲ್ಲ. ಮಿಕ್ಕವರಿಗೆ ಬೋರ್‌ವೆಲ್ಲೇ ಗತಿ. ಆಳಕ್ಕೆ ಕೊರೆದಷ್ಟೂ ಸಾಲವೂ ಆಳ. ಇಷ್ಟಾದರೂ ಮರದ ಬುಡಕ್ಕೆ ಪೈಪ್ ಬಿಟ್ಟು ಪಾತಿ ತುಂಬಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ.

1916ರಲ್ಲಿ ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಿಪಿಸಿಆರ್‌ಐ ಇದಕ್ಕೆ ಲೆಕ್ಕ ಹಾಕಿ ಕೊಟ್ಟಿದೆ. ಕರಾವಳಿಯ ಮಣ್ಣಿನಲ್ಲಿ ಪಾತಿಗೆ ನೀರು ಕೊಡುವುದಾದರೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 200 ಲೀಟರ್, ಅಂದರೆ ದಿನಕ್ಕೆ 50 ಲೀಟರ್. ಹನಿ ನೀರಾವರಿಯಲ್ಲಿ ಇದರ ಮೂರನೇ ಒಂದು ಭಾಗ ಉಳಿಯುತ್ತದೆ, ಇಳುವರಿಯೂ ಇಳಿಯುವುದಿಲ್ಲ. ಎಕರೆಗೆ 70 ಮರ ಇದ್ದರೆ ದಿನಕ್ಕೆ ಸಾವಿರ ಲೀಟರಿಗೂ ಮಿಕ್ಕಿ ಉಳಿತಾಯ. ಒಣಸೀಮೆಯಲ್ಲಿ ಮರಕ್ಕೆ ಬೇಕಾದ ನೀರು ಇನ್ನೂ ಜಾಸ್ತಿ. ಅಂದರೆ ಪೋಲಾಗುವುದೂ ಜಾಸ್ತಿ. ಆದರೆ ಒಂದು ಮಾತು. ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಅಡಿಕೆ ಇಟ್ಟರೆ ಉಳಿಸಿದ್ದೇನು ಬಂತು? ಮೋಟಾರು ಓಡುವುದು ಅಷ್ಟೇ ಹೊತ್ತು. ಹನಿ ಪೈಪಿಗೆ ಸಹಾಯಧನ ಕೊಡುವ ಇಲಾಖೆಯೂ, ಪಡೆಯುವ ರೈತರೂ ಇದನ್ನು ಯೋಚಿಸಬೇಕು.

ಪೈಪಿಗೆ ದುಡ್ಡಿಲ್ಲದವರಿಗೂ ದಾರಿಯಿದೆ. ಕಾಯಿ ಸುಲಿದ ಸಿಪ್ಪೆಯನ್ನು ಟೊಳ್ಳು ಭಾಗ ಮೇಲೆ ಮಾಡಿ ಮರಗಳ ನಡುವಿನ ಗುಂಡಿಯಲ್ಲಿ ಹೂತರೆ, ಅದು ಮಳೆನೀರು ಹೀರಿ ಇಟ್ಟುಕೊಂಡು ಐದಾರು ವರ್ಷ ಬುಡ ತಂಪಾಗಿಡುತ್ತದೆ. ನಾರಿನ ಹುಡಿಯಂತೂ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಅವರು ಗರಿ ಅನ್ನುವ, ನಾವು ಮಡಲು ಅನ್ನುವ ಎಲೆಯನ್ನು ಬುಡಕ್ಕೆ ಹಾಸಿದರೆ ಬಿಸಿಲಿಗೆ ಮಣ್ಣು ಕಾಯುವುದಿಲ್ಲ. ಇಷ್ಟಿದ್ದೂ ರಸ್ತೆ ಬದಿಯಲ್ಲಿ ಸಿಪ್ಪೆಗೆ ಬೆಂಕಿ ಹಚ್ಚುತ್ತಾರೆ. ಉರಿಯುವುದು ಕಸವಲ್ಲ, ಬೇಸಿಗೆಗೆ ಬೇಕಾಗಿದ್ದ ನೀರು.

ಕಾಯಿ ಕೊಯ್ದ ನಂತರದ ಕಥೆಯೂ ಇದೆ. ತಿಪಟೂರಿನ ಹೆಸರಾಂತ ಉಂಡೆ ಕೊಬ್ಬರಿ ನೀರು ಬೇಡದ ಆಹಾರ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಇಟ್ಟರೆ ಒಳಗಿನ ನೀರು ತಾನಾಗಿ ಆರಿ ಕೊಬ್ಬರಿ ಗುಂಡಗೆ ಬಿಡುತ್ತದೆ. ತೊಳೆಯುವುದಿಲ್ಲ, ಚೆಲ್ಲುವುದಿಲ್ಲ. ತೆಂಗಿನ ಪುಡಿ ಕಾರ್ಖಾನೆಯ ದಾರಿ ಬೇರೆ. ಅಲ್ಲಿ ಕಾಯಿ ಒಡೆದು, ಕಪ್ಪು ಸಿಪ್ಪೆ ಹೆರೆದು, ತೊಳೆದು, ಹಬೆ ಕೊಟ್ಟು ಒಣಗಿಸಬೇಕು. ದಿನಕ್ಕೆ 50 ಸಾವಿರ ಕಾಯಿ ಒಡೆಯುವ ಕಾರ್ಖಾನೆ ಇದೆ ಎಂದುಕೊಳ್ಳಿ. ಕಾಯಿಗೆ 100 ಮಿ.ಲೀ. ಹಿಡಿದರೂ 5 ಸಾವಿರ ಲೀಟರ್ ಕಾಯಿನೀರು. ಸಕ್ಕರೆ ಅಂಶವಿರುವ ಈ ನೀರನ್ನು ಹಾಗೇ ಚರಂಡಿಗೆ ಬಿಟ್ಟರೆ ಹುಳಿತು ನಾರುತ್ತದೆ. ಕೆರೆ ಸೇರಿದರೆ ನೀರಿನ ಆಮ್ಲಜನಕವನ್ನೇ ತಿಂದು ಮೀನು ಸಾಯಿಸುತ್ತದೆ. ಅದೇ ನೀರಿನಿಂದ ವಿನೆಗರ್ ಮಾಡಬಹುದು. ಹೆರೆದ ಕಪ್ಪು ಸಿಪ್ಪೆಯಿಂದ ಎಣ್ಣೆ ತೆಗೆಯಬಹುದು. ಗೆರಟೆಯ ಇದ್ದಿಲು ಹದಗೊಂಡರೆ ನೀರು ಶುದ್ಧ ಮಾಡುವ ಫಿಲ್ಟರಿಗೆ ಹೋಗುತ್ತದೆ.

ಇದರಲ್ಲಿ ನಮ್ಮ ಪಾತ್ರವೇನು ಎಂದು ಕೇಳಬಹುದು. ಬ್ಯಾರಿಗಳದ್ದು ವ್ಯಾಪಾರಿ ಸಮುದಾಯ. ಕಾಯಿ, ಕೊಬ್ಬರಿ, ಎಣ್ಣೆ, ಬೇಕರಿ, ಹೋಟೆಲು ಎಲ್ಲದರಲ್ಲೂ ನಮ್ಮವರಿದ್ದಾರೆ. ಟನ್‌ಗಟ್ಟಲೆ ಖರೀದಿಸುವವರ ಮಾತಿಗೆ ಮಾರುವವರು ಕಿವಿಗೊಡುತ್ತಾರೆ. ‘ನಿಮ್ಮ ಕಾರ್ಖಾನೆಯ ಕಾಯಿನೀರು ಎಲ್ಲಿಗೆ ಹೋಗ್ತದೆ?’ ಎಂದು ದರ ಕೇಳುವಾಗಲೇ ಒಂದು ಪ್ರಶ್ನೆ ಹಾಕಿದರೆ ನಷ್ಟವೇನಿಲ್ಲ. ಕರಾವಳಿಯಲ್ಲಿ ತೋಟ ಇರುವವರು ನಮ್ಮಲ್ಲಿ ಮಳೆ ಬೇಕಾದಷ್ಟಿದೆ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು ಮಂಗಳೂರಿಗೆ ಸರದಿ ಮೇಲೆ ನೀರು ಬಿಟ್ಟದ್ದು ನೆನಪಿರಬಹುದು.

ಇನ್ನು ನಮ್ಮ ಮದುವೆ ಹಾಲ್‌ಗಳು. ಒಂದು ಕಿಲೋ ಅಕ್ಕಿಯ ಹಿಂದೆ ಜಾಗತಿಕ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರಿದೆ. ಹತ್ತು ಕಿಲೋ ಅಕ್ಕಿಯ ನೆಯ್‌ಚೋರು ತಿಪ್ಪೆಗೆ ಹೋದರೆ ಅದರ ಜೊತೆ 25 ಸಾವಿರ ಲೀಟರ್ ನೀರೂ ಹೋಯಿತು. ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು. ಮಸೀದಿಯ ನಳ್ಳಿಯ ಬಳಿ ಇರುವ ಈ ಎಚ್ಚರ ಊಟದ ಹಾಲ್‌ನಲ್ಲಿ, ಗೋದಾಮಿನಲ್ಲಿ, ತೋಟದ ಪಂಪಿನ ಬಳಿ ಯಾಕೆ ಇರಬಾರದು? ಇಸ್ರಾಫ್ ಎಲ್ಲಿ ನಡೆದರೂ ಇಸ್ರಾಫೇ.

ಜಮಾಅತ್‌ಗಳು ಮದುವೆ ಸೀಸನ್‌ಗೆ ಮೊದಲು ಈ ವಿಷಯ ಚರ್ಚೆಗೆ ತೆಗೆದುಕೊಳ್ಳಲಿ. ಅತಿಥಿಗಳ ಲೆಕ್ಕ ಸರಿಯಾಗಿ ಹಿಡಿದು ಅಡುಗೆ ಮಾಡಿಸುವುದು, ಮಿಕ್ಕಿದ್ದನ್ನು ಅದೇ ದಿನ ಹಸಿದವರಿಗೆ ತಲುಪಿಸುವುದು ದೊಡ್ಡ ಯೋಜನೆಯೇನಲ್ಲ. ತೋಟ ಇರುವವರು ಮಳೆಗಾಲಕ್ಕೆ ಮೊದಲು ಸಿಪ್ಪೆಗೆ ಗುಂಡಿ ತೋಡಲಿ. ತಿಪಟೂರಿನ ರೈತ ನೀರು ಉಳಿಸಲಿ ಎಂದು ಹೇಳುವ ಹಕ್ಕು ನಮಗೆ ಬರುವುದು ಆಮೇಲೆ.