ಸ್ಟಾರ್ ಬಿಡಿ, ಚಟ್ನಿ ನೋಡಿ

ತಿಪಟೂರು ಸೀಮೆಯ ಕಂದಿಕೆರೆ ಕಡೆ ಬರುವ ಹೊರಗಿನ ಊರಿನವರು ಮೊದಲು ಕೇಳುವುದು, ಇಲ್ಲಿ ಒಳ್ಳೇ ಹೋಟೆಲ್ ಯಾವುದಿದೆ ಅಂತ. ಮೊಬೈಲ್ ತೆಗೆದರೆ ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಹೆಸರುಗಳು ಸ್ಟಾರ್ ಸಮೇತ ಬರುತ್ತವೆ. ಸಣ್ಣ ಊರಿನ ಮಟ್ಟಿಗೆ ಈ ಸ್ಟಾರ್‌ಗಳನ್ನು ನಂಬುವಂತಿಲ್ಲ. ಹೆದ್ದಾರಿ ಬದಿಯಲ್ಲಿ ಕಾರು ನಿಲ್ಲಿಸಲು ಜಾಗವಿರುವ ಹೋಟೆಲಿಗೆ ಅಂಕ ಕೊಡುವವರು ಬೇಕಾದಷ್ಟು ಜನ. ನಾಲ್ಕು ಬೆಂಚು ಹಾಕಿಕೊಂಡು, ಹತ್ತು ಗಂಟೆಗೆಲ್ಲ ಇಡ್ಲಿ ಪಾತ್ರೆ ತೊಳೆದಿಡುವವನಿಗೆ ಯಾರು ಕೊಡುತ್ತಾರೆ? ಅವನ ಗಿರಾಕಿಗಳು ಮಂಡಿಯ ಹಮಾಲರು, ಕಾಯಿ ಸುಲಿಯುವವರು, ಬಸ್ಸಿನ ಕಂಡಕ್ಟರು. ತಿಂಡಿ ಕೆಟ್ಟರೆ ಮಾರನೇ ದಿನ ಎದುರಿನ ಹೋಟೆಲಿಗೆ ಹೋಗುತ್ತಾರೆ. ಅವರ ವಿಮರ್ಶೆ ಅಷ್ಟೇ.

ಹೋಟೆಲಿನ ಹೆಸರಿಗಿಂತ ತಿಂಡಿಯ ಹೆಸರು, ಹೊತ್ತು ಎರಡನ್ನೂ ಹೇಳುವುದು ಮೇಲು. ನಮ್ಮ ಜನ ಇದನ್ನು ಅರ್ಧ ಮಾಡಿಯೇ ಇದ್ದಾರೆ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ದಾವಣಗೆರೆ ಬೆಣ್ಣೆ ದೋಸೆ, ಮದ್ದೂರು ವಡೆ. ಕೀರ್ತಿ ಊರಿಗೆ ಅಂಟಿಕೊಂಡಿದೆ, ಯಾವುದೋ ಒಂದು ಬೋರ್ಡಿಗಲ್ಲ. ತಿಪಟೂರು ಸೀಮೆಗೆ ಕೊಬ್ಬರಿಯ ಹೆಸರಿದೆ, ತಿಂಡಿಯ ಹೆಸರಿಲ್ಲ. ಆದರೆ ಇಲ್ಲಿ ಹೋಟೆಲನ್ನು ಅಳೆಯಲು ಚಟ್ನಿಯೇ ಸಾಕು. ಹಸಿ ಕಾಯಿ ಧಾರಾಳವಾಗಿ ಹಾಕಿ ಆಗಷ್ಟೇ ರುಬ್ಬಿದ್ದಾದರೆ ತಟ್ಟೆಯಲ್ಲಿ ತರಿತರಿಯಾಗಿ ನಿಲ್ಲುತ್ತದೆ, ಕೊನೆಗೆ ನಾಲಿಗೆಗೆ ಸಣ್ಣ ಸಿಹಿ ಹತ್ತುತ್ತದೆ. ಹುರಿಗಡಲೆ ಜಾಸ್ತಿಯಾದರೆ ಅಂಟಂಟಾಗಿ, ಬಾಯಲ್ಲಿ ಹಿಟ್ಟುಹಿಟ್ಟು. 2025ರಲ್ಲಿ ಇದು ನಿಜವಾದ ಪರೀಕ್ಷೆಯೇ ಆಯಿತು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಕಟ್ಟಿದ್ದ ವರ್ಷವೇ ತಿಪಟೂರು ಮಾರುಕಟ್ಟೆಯಲ್ಲಿ ದರ 20 ಸಾವಿರ ದಾಟಿತು. ಕೊಬ್ಬರಿಗೆಂದು ಅಟ್ಟದ ಮೇಲಿಟ್ಟ ಕಾಯಿಗೆ ಬೆಲೆ ಬಂದು ರೈತ ಗೆದ್ದ, ಸರಿ. ಅಡುಗೆಮನೆಯ ಕಾಯಿಯೂ ತುಟ್ಟಿಯಾಯಿತು. ಆಗಲೂ ಚಟ್ನಿ ತೆಳುವಾಗಿಸದವನು ಶಿಫಾರಸಿಗೆ ಅರ್ಹ.

ಶುಚಿತ್ವದ ಮಾತೇನು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವುದು ಪತ್ತೆಯಾಗಿತ್ತು. ಇಂಥದ್ದನ್ನು ಸ್ಟಾರ್ ಹೇಳುವುದಿಲ್ಲ; ಇಡ್ಲಿ ತೆಗೆಯುವಾಗ ತಟ್ಟೆಯಲ್ಲಿ ಬಟ್ಟೆ ಇದೆಯೋ ಇಲ್ಲವೋ ಎಂಬುದು ಬೀದಿಗೆ ತೆರೆದ ಅಡುಗೆಮನೆಯಲ್ಲಿ ಕಣ್ಣಿಗೇ ಕಾಣುತ್ತದೆ. ಹೊರಗಿನವರಿಗೆ ಹೊತ್ತು ನೋಡಿಕೊಂಡು ಬರಲು ಎಲ್ಲಿ ಆಗುತ್ತದೆ ಎಂಬ ಆಕ್ಷೇಪವೂ ನ್ಯಾಯವೇ. ಹೊತ್ತು ಹೇಳದಿದ್ದರೆ ಮಾತ್ರ ಆಗುವುದು ಇನ್ನೂ ಕೆಟ್ಟದ್ದು: ಮಧ್ಯಾಹ್ನ ಎರಡಕ್ಕೆ ಬಂದು ಇಡ್ಲಿ ಕೇಳಿ, ಉಳಿದ ಚಿತ್ರಾನ್ನ ತಿಂದು, ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಆ ಹೊತ್ತಿಗೆ ಅವರನ್ನು ಮುದ್ದೆ, ಬಸ್ಸಾರಿನ ಊಟ ಇರುವಲ್ಲಿಗೆ ಕಳಿಸಬೇಕಿತ್ತು. ಇನ್ನು, ಹೆಸರು ಹರಡಿದರೆ ಸಣ್ಣ ಹೋಟೆಲ್ ಕೆಡುತ್ತದೆ ಎಂಬ ಭಯ. ಕೆಡುವುದು ಉಂಟು, ಆದರೆ ಗಿರಾಕಿ ಇಲ್ಲದೆ ಬಾಗಿಲು ಹಾಕುವುದಕ್ಕಿಂತ ಅದೇ ವಾಸಿ.

ಊರಿನವರಲ್ಲಿ ಒಂದು ಕೋರಿಕೆ. ಯಾರಾದರೂ ಹೋಟೆಲ್ ಕೇಳಿದರೆ ಹೆಸರಿನ ಜೊತೆಗೆ ಯಾವ ತಿಂಡಿ, ಎಷ್ಟು ಗಂಟೆಯೊಳಗೆ ಎಂಬುದನ್ನೂ ಹೇಳಿ ಕಳಿಸಿ.