ರೋಗಿಯ ಪ್ರಶ್ನೆ ಕಿರುಕುಳವಲ್ಲ

ವೈದ್ಯಕೀಯ ಸಂಶೋಧನೆಯ ಲೆಕ್ಕ ಕೇಳುವ ಹಕ್ಕು ಯಾರಿಗಿದೆ? ಆ ಕ್ಷೇತ್ರದ ತಜ್ಞರಿಗೆ ಮಾತ್ರ ಎನ್ನುವವರು ಬ್ರಿಟನ್ನಿನ ‘ಪೇಸ್’ ಪ್ರಯೋಗದ ಇತಿಹಾಸವನ್ನು ಓದಬೇಕು. ಅಲ್ಲಿ ತಜ್ಞರು ಎತ್ತದ ಪ್ರಶ್ನೆಗಳನ್ನು ಎತ್ತಿದವರು ಹಾಸಿಗೆ ಹಿಡಿದ ರೋಗಿಗಳು. ಅದಕ್ಕಾಗಿ ಅವರು ವಿಜ್ಞಾನದ ವೈರಿಗಳೆಂಬ ಮಾತು ಕೇಳಬೇಕಾಯಿತು.

ಅವರ ಕಾಯಿಲೆಯಾದ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದರೆ ಬರಿಯ ಸುಸ್ತಲ್ಲ. ಒಂದು ಸ್ನಾನ, ಒಂದಿಷ್ಟು ಮಾತುಕತೆ ಸಾಕು. ಮಾರನೆಯ ದಿನ ಏಳಲಾರದಂತೆ ದೇಹ ಕುಸಿಯುತ್ತದೆ. ನಿದ್ದೆ ಮಾಡಿದರೂ ದಣಿವು ಇಳಿಯುವುದಿಲ್ಲ. ಇಂಥವರ ಮೇಲೆ ನಡೆದ ಪೇಸ್ ಪ್ರಯೋಗದಲ್ಲಿ 641 ರೋಗಿಗಳಿದ್ದರು. ಸುಮಾರು 50 ಲಕ್ಷ ಪೌಂಡ್ ಸಾರ್ವಜನಿಕ ಹಣ ಖರ್ಚಾಯಿತು. 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದರಿಂದ, ಯೋಚನೆ-ವರ್ತನೆ ತಿದ್ದುವ ಮನೋಚಿಕಿತ್ಸೆಯಿಂದ ಗುಣ ಕಾಣುತ್ತದೆ. 2013ರ ಇನ್ನೊಂದು ಪ್ರಬಂಧ, ಈ ಎರಡು ಚಿಕಿತ್ಸೆ ಪಡೆದವರಲ್ಲಿ ಶೇ 22ರಷ್ಟು ಮಂದಿ ಚೇತರಿಸಿಕೊಂಡರು ಎಂದಿತು.

ರೋಗಿಗಳು ಆ ಪ್ರಬಂಧಗಳನ್ನು ಮೊದಲು ಪ್ರಕಟವಾಗಿದ್ದ ಯೋಜನೆಯ ಜೊತೆಗಿಟ್ಟು ಓದಿದರು. ದೈಹಿಕ ಸಾಮರ್ಥ್ಯಕ್ಕೆ ನೂರರವರೆಗಿನ ಅಂಕವಿತ್ತು. ಚೇತರಿಕೆಗೆ 85 ಬೇಕೆಂದಿದ್ದ ಮೂಲ ಮಾನದಂಡವನ್ನು 60ಕ್ಕೆ ಇಳಿಸಲಾಗಿತ್ತು. ಪ್ರಯೋಗಕ್ಕೆ ಸೇರಲು 65 ಅಥವಾ ಅದಕ್ಕಿಂತ ಕಡಿಮೆ ಅಂಕವಿರಬೇಕಿತ್ತು. ಅಂದರೆ 65ರಿಂದ 60ಕ್ಕೆ ಕುಸಿದ ರೋಗಿಯೂ ಆ ಒಂದು ಅಳತೆಯಲ್ಲಿ ಚೇತರಿಕೆಯ ಗೆರೆ ಮುಟ್ಟುತ್ತಿದ್ದ! ಫಲಿತಾಂಶ ನೋಡುವ ಮೊದಲೇ ಬದಲಿಸಿದ್ದೆವು ಎಂಬುದು ಸಂಶೋಧಕರ ಸಮರ್ಥನೆ. ಒಪ್ಪಿಕೊಂಡರೂ, ರೋಗವನ್ನೂ ಚೇತರಿಕೆಯನ್ನೂ ಒಂದೇ ಅಂಕ ಸೂಚಿಸಬಲ್ಲ ಅಳತೆ ಸರಿಯಾಗುವುದಿಲ್ಲ.

ಆಸ್ಟ್ರೇಲಿಯಾದ ರೋಗಿ ಅಲೆಮ್ ಮ್ಯಾಥೀಸ್ 2014ರಲ್ಲಿ, ನಮ್ಮ ಮಾಹಿತಿ ಹಕ್ಕಿನಂಥದೇ ಆದ ಬ್ರಿಟಿಷ್ ಕಾಯ್ದೆಯಡಿ, ಹೆಸರುಗಳಿಲ್ಲದ ದತ್ತಾಂಶ ಕೇಳಿದರು. ದತ್ತಾಂಶ ಇಟ್ಟುಕೊಂಡಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡಲಿಲ್ಲ. ಕೊಡಿ ಎಂದು 2015ರಲ್ಲಿ ಮಾಹಿತಿ ಆಯುಕ್ತರು ಆದೇಶಿಸಿದಾಗ ಮೇಲ್ಮನವಿ ಹೋಯಿತು. 2016ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಆ ಮೇಲ್ಮನವಿಯನ್ನು ತಳ್ಳಿಹಾಕಿತು. ಹೋರಾಟಗಾರರಿಂದ ಅಪಾಯವಿದೆ ಎಂಬ ವಿಶ್ವವಿದ್ಯಾಲಯದ ವಾದ ಅತಿರಂಜಿತ ಎಂದೂ ಹೇಳಿತು. ದತ್ತಾಂಶ ಹೊರಬಂತು. ಮೂಲ ಮಾನದಂಡ ಇಟ್ಟು ಮತ್ತೆ ಲೆಕ್ಕ ಹಾಕಿದಾಗ ಚೇತರಿಕೆ ಮನೋಚಿಕಿತ್ಸೆಯಲ್ಲಿ ಶೇ 7ಕ್ಕೆ, ವ್ಯಾಯಾಮದಲ್ಲಿ ಶೇ 4ಕ್ಕೆ ಇಳಿಯಿತು. ಸಾಮಾನ್ಯ ವೈದ್ಯಕೀಯ ಆರೈಕೆಯಷ್ಟೇ ಪಡೆದವರಲ್ಲೂ ಶೇ 3 ಇತ್ತು.

ಕೆಲವು ಸಂಶೋಧಕರಿಗೆ ಬೆದರಿಕೆ, ನಿಂದನೆ ಬಂದದ್ದುಂಟು ಎಂಬ ಮಾತಿದೆ. ಬೆದರಿಕೆ ಅಪರಾಧ, ಅದನ್ನು ಪೊಲೀಸರು ನೋಡಲಿ. ಆದರೆ ಯಾರೋ ಒಬ್ಬ ಬೈದನೆಂದು, ಅಂಕಿಅಂಶ ಹಿಡಿದು ಕೇಳಿದ ನೂರು ಜನರಿಗೆ ಉತ್ತರ ತಪ್ಪಿಸುವುದು ಯಾವ ನ್ಯಾಯ? ರೋಗಿಗೆ ಸ್ವಾರ್ಥವಿದೆ ಎನ್ನುತ್ತಾರೆ. ಹೌದು, ಇದೆ: ಗುಣವಾಗಬೇಕು ಎಂಬುದು. ತಪ್ಪು ಫಲಿತಾಂಶದಿಂದ ಮೊದಲು ಕೆಡುವುದು ಅವನದೇ ಮೈ. ಅವನಿಗಿಂತ ಎಚ್ಚರದ ಪರೀಕ್ಷಕ ಸಿಗುವುದು ಕಷ್ಟ.

ಆ ಎಚ್ಚರ ಫಲ ಕೊಟ್ಟಿತು. ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2007ರಲ್ಲಿ ಶಿಫಾರಸು ಮಾಡಿದ್ದ ಹಂತಹಂತದ ವ್ಯಾಯಾಮವನ್ನು 2021ರ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಆ ಸಮಿತಿಯಲ್ಲಿ ವೈದ್ಯರ ಜೊತೆ ರೋಗದ ಅನುಭವವಿದ್ದವರೂ ಕೂತಿದ್ದರು. 2022ರಲ್ಲಿ ಆರಂಭವಾದ ‘ಡಿಕೋಡ್‌ಎಂಇ’ ವಂಶವಾಹಿ ಅಧ್ಯಯನವನ್ನು ಎಡಿನ್‌ಬರೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೋಗಿಗಳ ಜೊತೆ ಸೇರಿಯೇ ರೂಪಿಸಿದರು. ಸಾವಿರಾರು ರೋಗಿಗಳು ತಾವಾಗಿ ಎಂಜಲಿನ ಮಾದರಿ ಕಳಿಸಿದರು. 2025ರಲ್ಲಿ ಈ ಕಾಯಿಲೆಯ ಜೊತೆ ನಂಟಿರುವ ಎಂಟು ವಂಶವಾಹಿ ಪ್ರದೇಶಗಳು ಸಿಕ್ಕವೆಂದು ಆರಂಭಿಕ ಫಲಿತಾಂಶ ಹೇಳಿತು. ವಿಜ್ಞಾನದ ವೈರಿಗಳು ಎನಿಸಿಕೊಂಡವರು ವಿಜ್ಞಾನಕ್ಕೆ ಕೊಟ್ಟದ್ದು ಇದು.

ಆದ್ದರಿಂದ ಸಾರ್ವಜನಿಕ ಹಣದ ಪ್ರತಿಯೊಂದು ಚಿಕಿತ್ಸಾ ಪ್ರಯೋಗಕ್ಕೂ ಮೂರು ಷರತ್ತು ಬೇಕು. ಯೋಜನೆ ರೂಪಿಸುವ ಮೇಜಿನಲ್ಲಿ ರೋಗಿಗಳಿಗೆ ಮತವಿರುವ ಸ್ಥಾನ ಇರಲಿ. ಮಾನದಂಡ ಬದಲಿಸಿದರೆ ಹಳೆಯ ಅಳತೆಯ ಫಲಿತಾಂಶವನ್ನೂ ಅದೇ ಪ್ರಬಂಧದಲ್ಲಿ ಅಚ್ಚು ಹಾಕಲಿ. ಗುರುತು ಅಳಿಸಿದ ದತ್ತಾಂಶ, ಯಾರೂ ಕೋರ್ಟು ಕಟ್ಟೆ ಹತ್ತದೆ, ಕೇಳಿದವರಿಗೆ ಸಿಗಲಿ. ಸರಿಯಾಗಿ ನಡೆದ ಸಂಶೋಧನೆಗೆ ಇದರಿಂದ ನಷ್ಟವಿಲ್ಲ. ಪ್ರಯೋಗಕ್ಕೆ ಮೈಯೊಡ್ಡಿದವರಿಗೆ ಅದರ ಲೆಕ್ಕ ಕೇಳುವ ಹಕ್ಕಿದೆ. ಲೆಕ್ಕ ಕೊಡುವುದು ಸಂಶೋಧಕರ ಕರ್ತವ್ಯ.