ಬಸ್‌ಸ್ಟ್ಯಾಂಡ್ ಮಾತು: ದ್ವೀಪಕ್ಕೆ ಹೊರಟವರಿಗೆ ಮ್ಯಾನೇಜರು ಯಾರು?



ಕಳಸದ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: "ಈ ಸಲ ಕಾಫಿಗೆ ರೇಟು ಪರವಾಗಿಲ್ಲ. ಹೆಂಡತಿ ಮಕ್ಕಳನ್ನು ಕರ್ಕೊಂಡು ಅಂಡಮಾನಿಗೆ ಹೋಗೋಣ ಅಂತಿದೀನಿ. ಟ್ರಾವೆಲ್ ಏಜೆಂಟನ್ನು ಹಿಡೀಲಾ, ನಾನೇ ಬುಕ್ ಮಾಡ್ಲಾ? ಸಿನಿಮಾ ವಿಷಯ ಅಲ್ಲ, ಆದ್ರೂ ಉತ್ತರ ಕೊಡಿ."

ಸಿನಿಮಾ ವಿಷಯ ಅಲ್ಲ ಅಂದವರು ಯಾರು ಸ್ವಾಮಿ? 1978ರಲ್ಲಿ ದ್ವಾರಕೀಶ್ ಅವರು ವಿಷ್ಣುವರ್ಧನ್ ಅವರನ್ನೂ ಇಡೀ ತಂಡವನ್ನೂ ಕಟ್ಟಿಕೊಂಡು 'ಸಿಂಗಾಪುರದಲ್ಲಿ ರಾಜಾಕುಳ್ಳ' ತೆಗೆಯಲು ಹೋದದ್ದು ದ್ವೀಪಕ್ಕೇ ಅಲ್ಲವೇ? ನಾವು ಟಾಕೀಸಿನಲ್ಲಿ ಕೂತು ನೋಡಿದ್ದು ಹಾಡು, ಹೊಡೆದಾಟ. ಯಾರಿಗೆ ಯಾವ ರೂಮು, ಯಾರ ಪಾಸ್‌ಪೋರ್ಟ್ ಎಲ್ಲಿ, ಮಳೆ ಬಂದು ಶೂಟಿಂಗ್ ನಿಂತರೆ ನಾಳೆ ಊಟ ಎಲ್ಲಿ, ಇದನ್ನೆಲ್ಲ ಒಬ್ಬ ನೋಡಿಕೊಳ್ಳಬೇಕು. ಅವನಿಗೆ ಪ್ರೊಡಕ್ಷನ್ ಮ್ಯಾನೇಜರ್ ಅಂತಾರೆ. ಪರದೆ ಮೇಲೆ ಅವನ ಹೆಸರು ಬರುವಾಗ ನಾವು ಸೀಟು ಹುಡುಕುತ್ತಿರುತ್ತೇವೆ. ಆದರೆ ಅವನು ಒಂದು ದಿನ ಇಲ್ಲದಿದ್ದರೆ ಹೀರೋ ಕೂಡ ಬಸ್‌ಸ್ಟ್ಯಾಂಡಿನಲ್ಲೇ ಮಲಗಬೇಕು!

ಈ ಕೆಲಸ ಎಷ್ಟು ಸುಲಭ ಅಂತ ತಿಳಿದು ನಾನೇ ಒಮ್ಮೆ ಮ್ಯಾನೇಜರ್ ಆಗಿದ್ದೆ. ಆ ಕಥೆ ಹೇಳುತ್ತೇನೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಅಕ್ಕನ ಆಸೆ, ನನ್ನ ಜಂಬ

ನಮ್ಮ ಅಕ್ಕನಿಗೆ ಅಂಡಮಾನ್ ಹುಚ್ಚು ಹತ್ತಿದ್ದು 1998ರಲ್ಲಿ, ಶಿವರಾಜ್‌ಕುಮಾರ್ ಅವರ 'ಅಂಡಮಾನ್' ನೋಡಿದಾಗ. ಅವರ ಮಗಳು ನಿವೇದಿತಾ ಪುಟ್ಟ ಹುಡುಗಿಯಾಗಿ ನಟಿಸಿದ ಚಿತ್ರ ಅದು. ಚಿಕ್ಕಮಗಳೂರಿನ ಟಾಕೀಸಿನಿಂದ ಹೊರಗೆ ಬಂದವಳೇ, "ಒಂದ್ಸಲ ಆ ಸಮುದ್ರ ನೋಡ್ಬೇಕು ಕಣೋ" ಅಂದಳು. ಭಾವ ಕಳಸದ ಕಡೆ ಒಂದು ಕಾಫಿ ತೋಟದಲ್ಲಿ ರೈಟರು. ರೈಟರ ಸಂಬಳದಲ್ಲಿ ಅಂಡಮಾನ್ ಎಂದರೆ ಕನಸೇ ಸರಿ. ನಮ್ಮ ಮೂಡಿಗೆರೆಯ ತೇಜಸ್ವಿಯವರು ಅಲ್ಲಿಗೆ ಹೋಗಿ ಬಂದು 'ಅಲೆಮಾರಿಯ ಅಂಡಮಾನ್' ಕಥೆ ಬರೆದರಲ್ಲ, ಆ ಪುಸ್ತಕವನ್ನೇ ಅಕ್ಕ ನಾಲ್ಕು ಸಲ ಓದಿ ಸಮಾಧಾನಪಟ್ಟುಕೊಂಡಳು.

ಭಾವ ರಿಟೈರಾದರು, ಪಿ.ಎಫ್. ಹಣ ಬಂತು. 2023ರ ಫೆಬ್ರವರಿಯಲ್ಲಿ ಒಂದು ದಿನ ಭಾವ ಚಿಕ್ಕಮಗಳೂರಿನ ಏಜೆಂಟರೊಬ್ಬರ ಚೀಟಿ ತಂದು ತೋರಿಸಿದರು. ಅಕ್ಕ, ಭಾವ, ನಾನು, ನಮ್ಮ ಮನೆಯವರು, ಹೀಗೆ ನಾಲ್ಕು ಜನಕ್ಕೆ 1,68,000 ರೂಪಾಯಿ.

ನಾನು ಚೀಟಿ ನೋಡಿ ನಕ್ಕೆ. "ಎಂತ ಭಾವ, ಈ ಕಾಲದಲ್ಲೂ ಏಜೆಂಟಿಗೆ ದುಡ್ಡು ಸುರೀತಾರಾ? ಕೊಡಿ ಇಲ್ಲಿ, ಎಲ್ಲಾ ಫೋನಲ್ಲೇ ಆಗ್ತದೆ."

ಭಾವ ಒಂದೇ ಮಾತು ಕೇಳಿದರು. "ಅಲ್ಲಾ ಮಾರಾಯ, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳೋದು?"

"ನಾನಿಲ್ವಾ ಭಾವ?" ಅಂದೆ. ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎರಡು ರಾತ್ರಿ ಕೂತು ಎಲ್ಲ ಬುಕ್ ಮಾಡಿದೆ. ಬೆಂಗಳೂರಿನಿಂದ ಪೋರ್ಟ್‌ಬ್ಲೇರ್‌ಗೆ ವಿಮಾನ, ಅಲ್ಲಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಬೋಟು, ಎರಡೂ ಕಡೆ ಲಾಡ್ಜು. ಒಟ್ಟು 1,41,000. ಉಳಿತಾಯ 27,000! ಈ ಲೆಕ್ಕವನ್ನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಸಿ ಕುಡಿಸಿ ಹತ್ತು ಜನಕ್ಕೆ ಹೇಳಿದೆ.

ಇಲ್ಲಿ ಒಂದು ಮಾತು. ಪೋರ್ಟ್‌ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಹ್ಯಾವ್‌ಲಾಕ್‌ಗೆ 2018ರಲ್ಲೇ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದಾಗಿದೆ. ಟಿಕೆಟಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಗಾಬರಿಯಾಗಬೇಡಿ, ಊರು ಒಂದೇ.

ಅಲ್ಲಿ ಆದದ್ದು

ಹೋದದ್ದು ಮೇ ಮೊದಲ ವಾರ. ನಮ್ಮ ಕಾಫಿ ಸೀಮೆಯವರಿಗೆ ಬೇರೆ ಯಾವಾಗ ಪುರುಸೊತ್ತು ಹೇಳಿ? ನವೆಂಬರಿನಿಂದ ಅರೇಬಿಕಾ ಕುಯ್ಲು, ಜನವರಿಯಿಂದ ರೊಬಸ್ಟಾ, ಕಣದ ಕೆಲಸ ಮುಗಿಯುವಾಗ ಮಾರ್ಚ್. ಆಮೇಲೆ ಹೂ ಮಳೆ ಬಂತಾ, ಇಲ್ವಾ ಅಂತ ಆಕಾಶ ನೋಡಬೇಕು. ಮಕ್ಕಳಿಗೆ ರಜ ಸಿಗುವುದೂ ಆಗಲೇ. ಆದರೆ ಮೇ ತಿಂಗಳಲ್ಲಿ ಬಂಗಾಳ ಕೊಲ್ಲಿಯೂ ಎದ್ದು ಕೂರುತ್ತದೆ. ಮುಂಗಾರು ನಮ್ಮ ಘಟ್ಟಕ್ಕೆ ಬರುವ ಮೊದಲೇ ಅಂಡಮಾನಿಗೆ ಬರುತ್ತದೆ. ನಮಗೆ ಬಿಡುವು ಸಿಗುವುದೂ ಅಲ್ಲಿ ಕಡಲು ಕೆಡುವುದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ!

ಮೊದಲ ನಾಲ್ಕು ದಿನ ಸ್ವರ್ಗ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲಿನಲ್ಲಿ ಭಾವ ಒಂದೊಂದು ಕೋಣೆಯ ಮುಂದೂ ನಿಂತರು. ರಾಧಾನಗರದ ಕಡಲತೀರದಲ್ಲಿ ಅಕ್ಕ ಸೀರೆ ಎತ್ತಿ ಕಟ್ಟಿ ನೀರಿಗಿಳಿದವಳು ಕತ್ತಲಾದರೂ ಮೇಲೆ ಬರಲಿಲ್ಲ. ನಾನು ಮೀಸೆ ತಿರುವಿಕೊಂಡೆ.

ಐದನೇ ದಿನ ಮೇ 8. ನನ್ನ ಪ್ಲಾನು ಹೀಗಿತ್ತು: ಬೆಳಿಗ್ಗೆ ಹ್ಯಾವ್‌ಲಾಕ್‌ನಿಂದ ಬೋಟು, ಮಧ್ಯಾಹ್ನ ಪೋರ್ಟ್‌ಬ್ಲೇರ್‌ನಿಂದ ವಿಮಾನ, 9ಕ್ಕೆ ಊರು. ಯಾಕೆಂದರೆ ಮೇ 10ಕ್ಕೆ ವಿಧಾನಸಭೆ ಚುನಾವಣೆ. ನಾನು ಟಿಕೆಟ್ ತೆಗೆದಾಗ ತಾರೀಖು ಗೊತ್ತಾಗಿರಲಿಲ್ಲ. ಗೊತ್ತಾದ ಮೇಲೆ ಭಾವ, "ಹಿಂದಿನ ದಿನವೇ ಬರ್ತೀವಲ್ಲ?" ಅಂತ ಮೂರು ಸಲ ಕೇಳಿದ್ದರು.

ಓಟು ಎಂದರೆ ನಮ್ಮ ಭಾವನಿಗೆ ಸಾಮಾನ್ಯ ವಿಷಯವಲ್ಲ. ಅವರ ಮೊದಲ ಓಟು 1978ರ ನವೆಂಬರಿನ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ. ಇಂದಿರಾ ಗಾಂಧಿ ಒಂದು ಕಡೆ, ವೀರೇಂದ್ರ ಪಾಟೀಲರು ಇನ್ನೊಂದು ಕಡೆ. ಇಡೀ ದೇಶ ನಮ್ಮ ಕಾಫಿ ಗುಡ್ಡದ ಕಡೆ ತಿರುಗಿ ನೋಡಿದ ಚುನಾವಣೆ. ಆಗ ಓಟಿಗೆ 21 ತುಂಬಬೇಕಿತ್ತು, ಭಾವನಿಗೆ ಆಗತಾನೇ ತುಂಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಒಂದು ಓಟನ್ನೂ ಬಿಟ್ಟವರಲ್ಲ.

ಆ ಬೆಳಿಗ್ಗೆ ಜೆಟ್ಟಿಗೆ ಹೋದರೆ ಬೋಟು ಕ್ಯಾನ್ಸಲ್! ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಗಾಳಿ, ಎತ್ತರದ ಅಲೆ. ಅದೇ ಮುಂದೆ 'ಮೋಖಾ' ಎಂಬ ಚಂಡಮಾರುತವಾಗಿ ಮ್ಯಾನ್ಮಾರಿಗೆ ಬಡಿದದ್ದು. ಬೋಟಿನವರು ದುಡ್ಡು ವಾಪಸ್ ಕೊಟ್ಟರು, ಅದರಲ್ಲಿ ತಕರಾರಿಲ್ಲ. ಆದರೆ ಮಧ್ಯಾಹ್ನ ವಿಮಾನ ಹಾರಿತು, ನಮ್ಮನ್ನು ಬಿಟ್ಟು. ವಿಮಾನದವರನ್ನು ಕೇಳಿದರೆ, "ವಿಮಾನ ಹೊರಟಿದೆ, ನೀವು ಬರಲಿಲ್ಲ" ಎಂಬ ಉತ್ತರ. ಅವರ ಮಾತೂ ನ್ಯಾಯವೇ. ಬೋಟು ನಿಂತದ್ದಕ್ಕೆ ಬೋಟಿನವನು ಹೊಣೆ, ವಿಮಾನ ನಿಂತರೆ ವಿಮಾನದವನು ಹೊಣೆ. ಎರಡರ ನಡುವಿನ ಆ ನಾಲ್ಕು ಗಂಟೆಗೆ ಯಾರು ಹೊಣೆ? ನಾನು!

ಅದೇ ಜೆಟ್ಟಿಯಲ್ಲಿ ಹಾಸನದ ಕಡೆಯ ಒಂದು ಗುಂಪಿತ್ತು, ಏಜೆಂಟಿನ ಮೂಲಕ ಬಂದವರು. ಅವರ ಬೋಟೂ ರದ್ದು. ಆದರೆ ಒಬ್ಬ ಹುಡುಗ ಸ್ಕೂಟರಿನಲ್ಲಿ ಬಂದ, ಎಲ್ಲರನ್ನೂ ಲಾಡ್ಜಿಗೆ ವಾಪಸ್ ಕಳಿಸಿದ, ಬೋಟು ಬಿಟ್ಟ ದಿನ ಮೊದಲ ಸಾಲಿನಲ್ಲಿ ಹತ್ತಿಸಿದ. ಅವರ ವಿಮಾನ ಇದ್ದದ್ದೂ 11ಕ್ಕೆ. ಅವರ ಏಜೆಂಟು ಕೊನೆಯ ಎರಡು ರಾತ್ರಿಯನ್ನು ಪೋರ್ಟ್‌ಬ್ಲೇರ್‌ನಲ್ಲೇ ಇಟ್ಟಿದ್ದನಂತೆ. ಜೈಲು, ಮ್ಯೂಸಿಯಂ ಎಲ್ಲ ಕೊನೆಗೆ. "ಇಷ್ಟು ದಿನ ಯಾಕಪ್ಪಾ ಅಂತ ನಾವೇ ಬೈದಿದ್ವಿ" ಅಂದರು ಅವರಲ್ಲೊಬ್ಬರು. ಆಗ ನನಗೆ ಬೆಳಕಾಯಿತು. ನಾನು ಉಳಿಸಿದ 27,000 ಇದ್ದದ್ದು ಆ ಒಂದು ತಿಳುವಳಿಕೆಯಲ್ಲಿ.

10ನೇ ತಾರೀಖು ಬುಧವಾರ ಬೋಟು ಸಿಗುವವರೆಗೆ ಭಾವ ಜೆಟ್ಟಿಯ ಬೆಂಚಿನ ಮೇಲೆ ಕೂತೇ ಇದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಏಳು ಗಂಟೆಗೆ ಒಮ್ಮೆ ವಾಚು ನೋಡಿಕೊಂಡರು, ಸಂಜೆ ಆರಕ್ಕೆ ಇನ್ನೊಮ್ಮೆ. ಮತಗಟ್ಟೆ ತೆರೆಯುವ, ಮುಚ್ಚುವ ಹೊತ್ತು. ಅಷ್ಟೇ. ಅಕ್ಕ ನನ್ನ ಕಡೆ ನೋಡಲಿಲ್ಲ.

ಹೊಸ ವಿಮಾನ ಟಿಕೆಟ್, ಹೆಚ್ಚಿನ ರೂಮು ಬಾಡಿಗೆ ಎಲ್ಲ ಸೇರಿ 52,000. ಉಳಿತಾಯದ 27,000 ಕಳೆದು ನೋಡಿದರೆ 25,000 ಕೈಬಿಟ್ಟಿತು. ಭಾವ ಪಾಲು ಕೊಡಲು ಬಂದರೂ ನಾನು ಮುಟ್ಟಲಿಲ್ಲ. ಓಟಿನ ಬೆಲೆ ಕಟ್ಟುವವರು ಯಾರು?

ಹಾಗಂತ ಏಜೆಂಟು ದೇವರಾ?

ಅಲ್ಲ! ಇದನ್ನೂ ಕೇಳಿ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಊರೆಲ್ಲ ಲಕ್ಷದ್ವೀಪದ್ದೇ ಮಾತು. ನಮ್ಮ ಪಕ್ಕದ ಮನೆಯವರು ಒಬ್ಬ ಏಜೆಂಟಿಗೆ 40,000 ಅಡ್ವಾನ್ಸ್ ಕೊಟ್ಟರು. "ಪರ್ಮಿಟ್ ನನ್ನ ಕೈಯಲ್ಲಿದೆ ಸಾರ್" ಅಂದ. ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಫೋನ್ ಸ್ವಿಚ್ ಆಫ್.

ವಿಷಯ ಏನೆಂದರೆ, ಅಂಡಮಾನಿನ ಮುಖ್ಯ ಪ್ರವಾಸಿ ದ್ವೀಪಗಳಿಗೆ ನಾವು ಭಾರತೀಯರು ಗುರುತಿನ ಚೀಟಿ ಹಿಡಿದು ಹೋಗಬಹುದು. ಲಕ್ಷದ್ವೀಪಕ್ಕೆ ಹಾಗಲ್ಲ, ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕೇ ಬೇಕು. ಅದನ್ನು ಕೊಡುವುದು ಅಲ್ಲಿನ ಆಡಳಿತ, ಏಜೆಂಟಲ್ಲ. ಅಲ್ಲಿನ ಸರ್ಕಾರದ್ದೇ 'ಸ್ಪೋರ್ಟ್ಸ್' ಎಂಬ ಸಂಸ್ಥೆ ಹಡಗಿನ ಪ್ರವಾಸ ನಡೆಸುತ್ತದೆ, ಕೊಚ್ಚಿಯಿಂದ. ಮಜಾ ನೋಡಿ, ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ನಮ್ಮ ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಈಗ ಹೋಗಲು ಪರ್ಮಿಟ್.

ಪಕ್ಕದ ಮನೆಯವರು ಬಿಡಲಿಲ್ಲ. ರಸೀದಿ ಇತ್ತು. ಗ್ರಾಹಕ ಆಯೋಗಕ್ಕೆ ಹೋಗ್ತೀವಿ ಅಂತ ವಕೀಲರಿಂದ ನೋಟಿಸು ಕೊಡಿಸಿದ ಮೇಲೆ 20,000 ವಾಪಸ್ ಬಂತು. ಉಳಿದದ್ದಕ್ಕೆ ಇನ್ನೂ ಅಲೆಯುತ್ತಿದ್ದಾರೆ.

ನನ್ನ ತೀರ್ಪು

ಕಳಸದ ಮಿತ್ರರೆ, ಬರೆದುಕೊಳ್ಳಿ.

ಒಂದೇ ಊರು, ಒಂದೇ ಲಾಡ್ಜು, ಹೋಗಿ ಬರುವುದು ಅಂದರೆ ನೀವೇ ಬುಕ್ ಮಾಡಿ. ಧೈರ್ಯವಾಗಿ ಮಾಡಿ. ವಿಮಾನ, ಬೋಟು, ಎರಡು ಮೂರು ದ್ವೀಪ, ಜೊತೆಗೆ ವಯಸ್ಸಾದವರು ಅಂದರೆ ಏಜೆಂಟಿಗೆ ಕೊಡುವ ದುಡ್ಡು ದಂಡವಲ್ಲ. ಆದರೆ ಅವನನ್ನು ನಾಲ್ಕು ಪ್ರಶ್ನೆ ಕೇಳಿ. ಅಲ್ಲಿ ನಮ್ಮನ್ನು ನೋಡಿಕೊಳ್ಳುವವರು ಯಾರು, ಅವರ ನಂಬರು ಏನು? ನಮ್ಮೂರ ಏಜೆಂಟು ಎಷ್ಟೋ ಸಲ ಅಲ್ಲಿನ ಇನ್ನೊಬ್ಬನಿಗೆ ಕೆಲಸ ವಹಿಸಿರುತ್ತಾನೆ. ಇವನು ಅವನಿಗೆ ಹಣ ಕಟ್ಟದಿದ್ದರೆ ನಡುವೆ ಸಿಕ್ಕಿಕೊಳ್ಳುವವರು ನಾವು. ಬೋಟು ನಿಂತರೆ ಹೆಚ್ಚಿನ ರಾತ್ರಿಯ ಖರ್ಚು ಯಾರದು? ಟಿಕೆಟುಗಳ ಪಿ.ಎನ್.ಆರ್. ನಂಬರು ಯಾವಾಗ ಕೊಡ್ತೀರಿ? ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್? ಉತ್ತರವನ್ನು ಕಾಗದದ ಮೇಲೆ ತಗೊಳ್ಳಿ, ಬಾಯಿಮಾತು ಬೇಡ. ಹಣ ಬ್ಯಾಂಕಿನ ಮೂಲಕ ಕೊಡಿ, ಬಿಲ್ಲು ಇಟ್ಟುಕೊಳ್ಳಿ.

ಮೋಸವಾದರೆ ಬೆಂಗಳೂರಿಗೆ ಓಡಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮೊದಲು 1915ಕ್ಕೆ ಫೋನ್ ಮಾಡಿ ಕೇಳಿ.

ನೀವೇ ಬುಕ್ ಮಾಡಿದರೂ ಸರಿ, ಏಜೆಂಟು ಮಾಡಿದರೂ ಸರಿ, ಕೊನೆಯ ರಾತ್ರಿ ವಿಮಾನ ನಿಲ್ದಾಣವಿರುವ ಊರಿನಲ್ಲೇ ಇರಲಿ. ಮೇ ತಿಂಗಳಾದರೆ ಎರಡು ರಾತ್ರಿ. ಕಡಲು ನಮ್ಮ ಫೋನಿನ ಮಾತು ಕೇಳುವುದಿಲ್ಲ.

ಕಡೇ ರೀಲು

ಕಳೆದ ಲೋಕಸಭೆ ಚುನಾವಣೆಗೆ ನಮ್ಮಲ್ಲಿ 2024ರ ಏಪ್ರಿಲ್ 26ರಂದು ಮತದಾನವಾಯಿತು. ಭಾವ ಬೆಳಿಗ್ಗೆ ಆರೂವರೆಗೇ ಹೋಗಿ ಸಾಲಿನಲ್ಲಿ ಮೊದಲಿಗರಾಗಿ ನಿಂತರು. ಅದಾಗಿ ಎರಡನೇ ದಿನ ಭಾನುವಾರ ಅವರೇ ಫೋನ್ ಮಾಡಿ, "ಹೊರಡಪ್ಪಾ, ಅಕ್ಕನಿಗೆ ಸಮುದ್ರ ನೋಡ್ಬೇಕಂತೆ" ಅಂದರು. ಕುದುರೆಮುಖ, ಕಾರ್ಕಳ, ಉಡುಪಿ, ಮಲ್ಪೆ. ಅಲ್ಲಿಂದ ಬೋಟಿನಲ್ಲಿ ಸುಮಾರು ಆರು ಕಿಲೋಮೀಟರ್, ಸೇಂಟ್ ಮೇರೀಸ್ ದ್ವೀಪ. ಕೋಟ್ಯಂತರ ವರ್ಷದ ಹಿಂದೆ ಲಾವಾ ಆರಿ ಕಂಬ ಕಂಬವಾಗಿ ನಿಂತ ಕಲ್ಲು. ಉಳಿಯಲು ಲಾಡ್ಜಿಲ್ಲ, ಏಜೆಂಟು ಬೇಕಿಲ್ಲ, ಮಳೆಗಾಲದಲ್ಲಿ ಬೋಟಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಬರುವುದು.

ಕೌಂಟರಿನಲ್ಲಿ ನಾನು ಜೇಬಿಗೆ ಕೈ ಹಾಕಿದೆ. ಭಾವ ನನ್ನ ಕೈ ತಡೆದು, "ನೀನು ಸುಮ್ನಿರು ಮಾರಾಯ. ಇವತ್ತು ಬುಕಿಂಗ್ ನಂದು" ಅಂದು ನೋಟು ಚಾಚಿದರು. ಎಡಗೈ ಬೆರಳಿನಲ್ಲಿ ಓಟಿನ ಶಾಯಿ ಇನ್ನೂ ಕಪ್ಪಗಿತ್ತು. ಅಕ್ಕ ಒಂದು ವರ್ಷದ ಮೇಲೆ ನನ್ನ ಮುಖ ನೋಡಿ ನಕ್ಕಳು.

ಮುಂದಿನ ವಾರ ಸಿಗೋಣ. ಅಲ್ಲಿಯವರೆಗೆ ನಿಮ್ಮ ಬಸ್ಸು ಹೊರಡುವ ಮುಂಚೆ ಸೀಟು ಹಿಡಿಯಿರಿ!